ಬ್ಯಾಡ ಅಂದವರ ಚಿತ್ರ

ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಚಿತ್ರಪುಸ್ತಕ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಹರಿಹರದ ಮನೆಯಿಂದ ದಾವಣಗೆರೆಯ ಶಾಲೆಗೆ ದಿನಾ ಬಸ್ಸಲ್ಲಿ ಬರುತ್ತೇನೆ. ಆ ವಾರದ ಪುಸ್ತಕವನ್ನು ಬಸ್ಸಿನಲ್ಲೇ ಎರಡು ಸಲ ಓದಿಕೊಂಡಿದ್ದೆ. ಹೆಂಗಸರು ಇಂಜಿನಿಯರಿಂಗ್ ಕಡೆ ತಲೆ ಹಾಕದ ಕಾಲದಲ್ಲಿ ಅದನ್ನೇ ಓದಿ, ಸೇತುವೆ ಕಟ್ಟಿದ ಒಬ್ಬಾಕೆಯ ಜೀವನ. ಹಾಳೆ ತುಂಬ ಬಣ್ಣ.

ನಡುವೆ ಒಂದು ಪುಟ. ಅವಳಿಗೆ ಎಲ್ಲೂ ಕೆಲಸ ಸಿಗಲಿಲ್ಲವಂತೆ, ಆದರೂ ನಗುನಗುತ್ತಾ ಮುಂದೆ ನಡೆದಳಂತೆ. ಪಕ್ಕದಲ್ಲಿ ಚಿಟ್ಟೆ ಬೇರೆ!

ಮುಂದಿನ ಸಾಲಿನಲ್ಲಿ ಕೂರುವ, ಮಂಡಿಪೇಟೆಯ ವ್ಯಾಪಾರಿಯೊಬ್ಬರ ಮಗಳು ಕೈ ಎತ್ತಿದಳು.

"ಮಿಸ್, ಕೆಲಸ ಕೊಡಲ್ಲ ಅಂದಿದ್ದು ಯಾರು?"

"ಬುಕ್ಕಲ್ಲಿ ಇಲ್ಲಮ್ಮ."

"ಯಾಕ ಇಲ್ಲ? ಅವ್ರ ಚಿತ್ರ ಯಾಕ ಬರ್ದಿಲ್ಲ?"

ನನ್ನ ಕಣ್ಮುಂದೆ ಒಂದು ಮುಖ ಬಂತು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ವರ್ಷ ಹರಿಹರದ ಒಂದು ವರ್ಕ್‌ಶಾಪಿಗೆ ಕೆಲಸ ಕೇಳಲು ಹೋಗಿದ್ದೆ. ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ ಮಾಡಿ ತೋರಿಸಲು ತಯಾರಾಗಿದ್ದೆ. ಅಲ್ಲಿನ ಸಾಹೇಬರು ನನ್ನ ಮಾರ್ಕ್ಸ್ ಕಾರ್ಡನ್ನು ತೆರೆದೂ ನೋಡಲಿಲ್ಲ. "ಹೆಣ್ಮಕ್ಕಳಿಗೆ ಇಲ್ಲಿ ಬಾತ್‌ರೂಮೇ ಇಲ್ಲಮ್ಮ. ಟೀಚರ್ ಆಗು, ಒಳ್ಳೇದು" ಅಂದರು. ನಾನು "ಥ್ಯಾಂಕ್ಯೂ ಸಾರ್" ಅಂದು ಎದ್ದು ಬಂದೆ. ಬಾತ್‌ರೂಮ್ ಕಟ್ಟಿಸ್ರಿ ಅನ್ನಬೇಕಿತ್ತು. ಥ್ಯಾಂಕ್ಯೂ ಅಂದೆ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಮೇಲೆ ಎಷ್ಟು ಸಿಟ್ಟೋ, ನನ್ನ ಮೇಲೂ ಅಷ್ಟೇ.

ಅದನ್ನೆಲ್ಲ ಮಕ್ಕಳಿಗೆ ಹೇಳಿಬಿಟ್ಟೆ. ಆಮೇಲೆ ಆ ಹುಡುಗಿ ಒಂದು ಹಾಳೆಯಲ್ಲಿ ಮೇಜಿನ ಹಿಂದೆ ಕೂತ ಮೀಸೆಯ ಗಂಡಸನ್ನು ಬರೆದು, ಕೆಳಗೆ 'ಬ್ಯಾಡ ಅಂದೋರು' ಎಂದು ಹೆಸರು ಕೊಟ್ಟಳು. ನನ್ನನ್ನು ಕೇಳಿಯೇ ಅದನ್ನು ಚಿಟ್ಟೆಯ ಮೇಲೆ ಗೋಂದು ಹಚ್ಚಿ ಅಂಟಿಸಿದಳು.

ಸೋಮವಾರ ಹೆಡ್‌ಮಾಸ್ಟರು ಕರೆಸಿದರು. ಹುಡುಗಿಯ ಅಪ್ಪ ಎದುರಿಗೆ ಕೂತಿದ್ದರು.

"ಮಗಳು ಮನೇಲಿ ಎದುರು ಮಾತಾಡ್ತಾಳ್ರಿ ಮೇಡಂ. ಅಂಗಡಿಗೆ ಅಣ್ಣನ್ನ ಕರ್ಕೊಂಡ್ ಹೋಗ್ತಿ, ನನ್ನ ಯಾಕ ಬ್ಯಾಡ ಅಂತಿ ಅಂತ ಕೇಳ್ತಾಳೆ. ಏನ್ ಕಲಿಸ್ತಿದೀರಿ ನೀವು?"

"ಕೇಳಿದ್ರಲ್ಲಿ ತಪ್ಪೇನೈತ್ರಿ?" ಅಂದೆ.

ಹೆಡ್‌ಮಾಸ್ಟರು ಪುಸ್ತಕ ತೆಗೆದರು. "ಸಾಧಕಿಯರ ಬಗ್ಗೆ ನಾಲ್ಕು ಒಳ್ಳೇ ಮಾತು ಹೇಳ್ರಿ ಅಂದ್ರೆ ಮಕ್ಕಳಿಗೆ ಸಿಟ್ಟು ಕಲಿಸ್ತೀರೇನ್ರಿ? ಲೈಬ್ರರಿ ಬುಕ್ ಹಾಳು ಮಾಡಿ?" ಅನ್ನುತ್ತಲೇ ಅಂಟಿಸಿದ ಹಾಳೆಯನ್ನು ಹಿಡಿದೆಳೆದರು. ಕೆಳಗಿನ ಅಚ್ಚಿನ ಪುಟವೂ ಅದರ ಜೊತೆಗೇ ಪರ್ರೆಂದು ಕಿತ್ತು ಬಂತು.

ಅಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದ ದನಿ ಆಗ ಹೊರಗೆ ಬಂತು. "ಈಗ ಹಾಳು ಮಾಡಿದ್ದು ಯಾರು ಸಾರ್? ಅವಳು ಅಂಟಿಸಿದಳು, ನೀವು ಹರಿದ್ರಿ! ಆ ಇಂಜಿನಿಯರಮ್ಮ ನಕ್ಕಿದ್ದೊಂದೇ ಮಕ್ಕಳಿಗೆ ಗೊತ್ತಿರಬೇಕು, ಅವಳನ್ನ ಹೊರಗೆ ಕಳಿಸಿದವರು ಯಾರು ಅಂತ ಗೊತ್ತಾಗಬಾರದು, ಅಲ್ವೇನ್ರಿ?" ವೆರಾಂಡದಲ್ಲಿ ಮಕ್ಕಳು ನಿಂತು ನೋಡುತ್ತಿದ್ದರು. ನೋಡಲಿ ಅಂದುಕೊಂಡೆ.

ಹುಡುಗಿಯ ಅಪ್ಪ ಎದ್ದು, ಕೆಳಗೆ ಬಿದ್ದ ಚಿತ್ರವನ್ನು ಎತ್ತಿಕೊಂಡರು. ತುಸು ಹೊತ್ತು ನೋಡಿದರು. "ಹರಿಯೋದು ಬ್ಯಾಡಾಗಿತ್ತು ಬಿಡ್ರಿ" ಅಂದು, ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದರು. ಮಗಳನ್ನು ಅಂಗಡಿಗೆ ಕರೆದುಕೊಂಡು ಹೋದರೋ ಇಲ್ಲವೋ ನಾನು ಕೇಳಲಿಲ್ಲ.

ನನಗೆ ನೋಟಿಸು ಬಂತು. ಚಿತ್ರಪುಸ್ತಕಗಳೆಲ್ಲ ಹೆಡ್‌ಮಾಸ್ಟರ ಬೀರು ಸೇರಿ ಬೀಗ ಬಿತ್ತು. ಶನಿವಾರ ಬರಿಗೈಯಲ್ಲಿ ಕ್ಲಾಸಿಗೆ ಹೋಗಿ, ಇನ್ನೊಬ್ಬ ಇಂಜಿನಿಯರಮ್ಮನ ಕಥೆಯನ್ನು ಬೋರ್ಡಿನ ಮೇಲೆ ಬರೆಯುತ್ತಾ ಹೇಳಿದೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ, ಅವಳ ಕೈಯಲ್ಲಿನ ಸ್ಪ್ಯಾನರ್ ಸೌಟಿನಂತೆ ಕಂಡು ಮಕ್ಕಳು ಬಿದ್ದು ಬಿದ್ದು ನಕ್ಕರು. ಬೀಗದ ಕೈ ಕೇಳಲು ವಾರಕ್ಕೊಮ್ಮೆ ಆಫೀಸಿಗೆ ಹೋಗುತ್ತೇನೆ. "ನೋಡೋಣ" ಅನ್ನುತ್ತಾರೆ. ನಾನು ಥ್ಯಾಂಕ್ಯೂ ಹೇಳದೆ ಬರುತ್ತೇನೆ.