ಅಮಾವಾಸ್ಯೆಯ ನೆಪ

ಹಾಸಿಗೆ ಹಿಡಿದಿದ್ದ ನನ್ನ ತಮ್ಮನಿಗೆ ಹಳೆಯ ಅಂಬಾಸಿಡರ್ ಕಾರನ್ನು ಅಳತೆ ತಪ್ಪದಂತೆ ತಗಡಿನಲ್ಲಿ ಚಿಕ್ಕದಾಗಿ ಮಾಡುವ ಆಸೆ. ನಾನು ತಗಡು ಕತ್ತರಿಸಿಕೊಟ್ಟರೆ ತಾನು ಜೋಡಿಸುತ್ತೇನೆ ಎನ್ನುತ್ತಿದ್ದ. ಕೊಟ್ಟೂರಿನ ನನ್ನ ವೆಲ್ಡಿಂಗ್ ಅಂಗಡಿಗೆ ಅಮಾವಾಸ್ಯೆಯೊಂದೇ ರಜೆ. ಅವತ್ತು ಕೇಳಿದರೆ, “ಅಮಾಸಿ ದಿನ ಹೊಸ ಕೆಲಸ ಸುರು ಮಾಡಬಾರ್ದಲೇ” ಎಂದು ಹೇಳಿ ಇಸ್ಪೀಟಾಡಲು ಹೋಗುತ್ತಿದ್ದೆ.

“ಉಳಿದ ದಿನ ಅಂಗಡಿ, ಅಮಾಸಿಗೆ ಶಾಸ್ತ್ರ. ನಿನ್ನ ಪಂಚಾಂಗದಾಗ ನನಗೊಂದು ದಿನ ಇಲ್ಲೇನೋ ಅಣ್ಣ?” ಎಂದು ಅವನು ನಗುತ್ತಿದ್ದ.

ಅವನ ಬೆರಳುಗಳು ಚಮಚ ಹಿಡಿಯಲಾರದಷ್ಟು ಸೋತ ಮೇಲೆ ನನಗೆ ಭಯವಾಯಿತು. ಅಂಗಡಿ ಮುಚ್ಚಿ, ಒಬ್ಬನೇ ಕೂತು ಕಾರು ಮಾಡಿ ತಂದು ಅವನೆದುರಿಗೆ ಇಟ್ಟೆ. ಬಹಳ ಹೊತ್ತು ನೋಡಿದ.

“ಚಂದ ಐತಿ. ಪೂರಾ ನೀನೇ ಮಾಡೀಯಲ್ಲ, ನೀನೇ ಇಟ್ಕೋ” ಎಂದು ಗೋಡೆಯ ಕಡೆಗೆ ಹೊರಳಿದ.