ನೀರಿನಲ್ಲಿ ತೂಗಿದ ಪಾಟ್ಲಿ

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಭೌತಶಾಸ್ತ್ರವನ್ನು ತಾನೇ ಕಲಿತಳು. ಆ ಪಾಠಕ್ಕೆ ನಮಗೆ ಮಾಸ್ತರರೇ ಇರಲಿಲ್ಲ. ಅಪ್ಪನ ಕಿರಾಣಿ ಅಂಗಡಿಯ ತಕ್ಕಡಿಯೇ ಅವಳ ಪ್ರಯೋಗಶಾಲೆ. ಪುಸ್ತಕ ಏನೇ ಹೇಳಲಿ, ಜಡೆಯನ್ನು ಹಿಂದಕ್ಕೆಸೆದು "ಖರೇ ಏನು? ನೋಡೇ ಬಿಡೂಣು" ಎನ್ನುತ್ತಿದ್ದಳು.

ಮೆಟ್ರಿಕ್ ಮುಗಿಯುವ ಹೊತ್ತಿಗೆ ಹುಮನಾಬಾದಿನ ವರನ ಕಡೆಯವರು ಬಂದು ಅವಳ ಕೈಗೆ ಬಂಗಾರದ ಪಾಟ್ಲಿ ಬಳೆ ತೊಡಿಸಿ ಹೋದರು. ಅವಳಿಗೋ ಕಾಲೇಜು ಓದುವ ಆಸೆ. ಪಾಟ್ಲಿಗಳನ್ನು ಮೊದಲು ಹಾಗೆಯೇ ತೂಗಿದಳು, ಆಮೇಲೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಳು. ಅಪ್ಪಟ ಬಂಗಾರವಾಗಿದ್ದರೆ ನೀರಿನಲ್ಲಿ ಅಷ್ಟೊಂದು ತೂಕ ಇಳಿಯಬಾರದಿತ್ತು.

"ತಾಮ್ರ ಬೆರಸ್ಯಾರ! ಈ ಸಂಬಂಧ ಮುರೀತು ನೋಡು," ಎಂದು ನನ್ನ ಕೈ ಹಿಡಿದು ಕುಣಿದಳು.

ಸಿಟ್ಟಾದ ಅಪ್ಪ ಬೀಗರನ್ನು ಕರೆಸಿದ. ಅವರ ಮುಂದೆ ಅವಳು ಮತ್ತೊಮ್ಮೆ ತೂಗಿ ತೋರಿಸಿದಳು. ಅತ್ತೆಯಾಗುವಾಕೆ ಕಣ್ಣರಳಿಸಿ ನೋಡಿ, ತನ್ನ ಕೊರಳ ಸರವನ್ನೂ ಬಿಚ್ಚಿಕೊಟ್ಟಳು.

"ಇದೂ ಅದೇ ಅಕ್ಕಸಾಲಿಗ ಮಾಡಿದ್ದು. ನೋಡವ್ವ."

ಅದರಲ್ಲೂ ತಾಮ್ರವಿತ್ತು.

"ಇಂಥಾ ಶಾಣ್ಯಾ ಸೊಸಿ ಎಲ್ಲಿ ಸಿಗ್ತಾಳ್ರಿ? ಲಗ್ನ ಈ ತಿಂಗಳದಾಗೇ ಮುಗಿಸೂಣು," ಎಂದಳಾಕೆ.

ಗೆಳತಿ ಒದ್ದೆ ಕೈಯಲ್ಲಿ ನಿಂತೇ ಇದ್ದಳು. ಕಾಲೇಜು ತೆರೆಯುವಷ್ಟರಲ್ಲಿ ಅವಳು ಹುಮನಾಬಾದಿನ ಪಡಸಾಲೆಯಲ್ಲಿ ಕೂತು ಓಣಿಯವರ ಒಡವೆ ತೂಗುತ್ತಿದ್ದಳು.