ಕಿಟ್ಟಿ ಬಂದಳೋ, ಬಂತೋ?

‘ಕಿಟ್ಟಿ ಮನೆ ಸೇರಿದ್ದಾಯಿತು. ಇನ್ನು ನೀನು ಬರಬೇಕಾಗಿಲ್ಲ. ಕೋಳಿಗಳು ಚೆನ್ನಾಗಿ ಮೊಟ್ಟೆ ಇಡುತ್ತಿವೆ.’

ಇಷ್ಟೇ. ಇದನ್ನು ಓದಿ ನಮ್ಮ ಪಕ್ಕದ ಮನೆಯ ಮೌರೀನ್ ಅಳುತ್ತ ಕುಳಿತಿದ್ದರು. ನಾನು ಟಿಶ್ಯೂ ಡಬ್ಬ ಹಿಡಿದು ಪಕ್ಕದಲ್ಲಿದ್ದೆ. ಅಳು ಕಿಟ್ಟಿಗಾಗಿಯೋ, ಕೋಳಿಗಳಿಗಾಗಿಯೋ? (ನಮ್ಮ ಕಡೆ ಕಿಟ್ಟಿ ಎಂದರೆ ಕೃಷ್ಣಮೂರ್ತಿ. ಅದೊಂದು ಬೇರೆ ತಲೆಯಲ್ಲಿ ಸುಳಿಯುತ್ತಿತ್ತು.)

ಅಮೆರಿಕದ ಸ್ಟರ್ಲಿಂಗ್‌ನ ನಮ್ಮ ಟೌನ್‌ಹೌಸಿಗೆ ಅಂಟಿಕೊಂಡ ಮನೆ ಮೌರೀನ್ ಅವರದು. ಎಂಬತ್ತು ದಾಟಿದೆ. ಮನೆ ಮಾರಿ ನಾರ್ತ್ ಕೆರೊಲಿನಾದಲ್ಲಿರುವ ಮಗನ ಹತ್ತಿರ ಹೊರಟಿದ್ದರು. ಪ್ಯಾಕಿಂಗ್‌ಗೆ ಕೈಜೋಡಿಸಲು ಹೋದಾಗ ಸಿಕ್ಕಿದ್ದು ಒಂದು ಬಿಸ್ಕತ್ತಿನ ಡಬ್ಬ. ಅದರ ತುಂಬ ಐರ್ಲೆಂಡಿನ ಹಳೆಯ ಪೋಸ್ಟ್‌ಕಾರ್ಡುಗಳು. ಹುಲ್ಲು ಹೊದಿಸಿದ ಮನೆ, ಕತ್ತೆಗಾಡಿ, ಕೆಂಪು ಶಾಲಿನ ಹುಡುಗಿ. ಎಲ್ಲವೂ ಕೈಯಲ್ಲಿ ಬಿಡಿಸಿದಂಥ ಬಣ್ಣದ ಚಿತ್ರಗಳು. ಹಳ್ಳಿಯಲ್ಲೇ ಉಳಿದ ದೊಡ್ಡಮ್ಮ, ಅಮೆರಿಕ ಸೇರಿದ ತಂಗಿಗೆ, ಅಂದರೆ ಮೌರೀನ್ ಅವರ ತಾಯಿಗೆ ಬರೆದವು. ಮಳೆ, ನೆಗಡಿ, ಆಲೂಗಡ್ಡೆ. ನಮ್ಮ ‘ಇಲ್ಲಿ ಎಲ್ಲರೂ ಕ್ಷೇಮ’ದ ಐರಿಷ್ ವರ್ಷನ್.

ಮೌರೀನ್ ಓದಿ ಅತ್ತ ಈ ಕಾರ್ಡು ಮಾತ್ರ ಬೇರೆ. ಮೌರೀನ್ ಅವರ ತಾಯಿ ಸಾಯುವವರೆಗೂ ಊರಿಗೆ ಹೋಗಲಿಲ್ಲವಂತೆ. ಅಮ್ಮನಿಗೆ ಊರೆಂದರೆ ತಾತ್ಸಾರ ಎಂದೇ ಇವರು ನಂಬಿದ್ದರು. ಈಗ ನೋಡಿದರೆ ಹೊರಟು ನಿಂತವಳು ಅಮ್ಮ, ಬೇಡವೆಂದಿದ್ದು ದೊಡ್ಡಮ್ಮ.

“ಅಮ್ಮ ಅಡುಗೆಮನೇಲಿ ಕಾರ್ಡ್ ಹಿಡ್ಕೊಂಡು ಅತ್ತಿದ್ದು ನೆನಪಿದೆ. ಇದೇ ಕಾರ್ಡ್, ಇದೇ ಕತ್ತೆ ಚಿತ್ರ” ಎಂದರು ಮೌರೀನ್.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಕೋಪದಲ್ಲಿ ಬರೆದಿರೋದು ಕಣೇ” ಎಂದ. ನನಗೆ ಹಾಗನ್ನಿಸಲಿಲ್ಲ. ಎಲ್ಲ ಸರಿಹೋಯಿತು, ಗಾಬರಿ ಬೇಡ ಎನ್ನುವ ಸಮಾಧಾನವೂ ಇರಬಹುದಲ್ಲ?

ಹೇಳಬಲ್ಲವರು ಒಬ್ಬರೇ. ಅಟ್ಲಾಂಟಾದಲ್ಲಿರುವ ಮೌರೀನ್ ಅವರ ಅಕ್ಕ ಪೆಗ್ಗಿ. ಆದರೆ ತಾಯಿಯ ಅಂತ್ಯಕ್ರಿಯೆಯ ದಿನ ಜಗಳವಾಡಿದ ಮೇಲೆ ಅಕ್ಕತಂಗಿಯರಿಗೆ ಮಾತಿಲ್ಲ. ಹಿಂದೆಮುಂದೆ ನೋಡಿ, ಕಡೆಗೆ ಮೌರೀನ್ ನನ್ನೆದುರೇ ಫೋನ್ ಮಾಡಿದರು. ಸ್ಪೀಕರ್ ಹಾಕಿ.

ಪೆಗ್ಗಿ ಪ್ರಶ್ನೆ ಕೇಳಿಸಿಕೊಂಡರು. ಆಮೇಲೆ, “ಕಿಟ್ಟಿ ಅಂದ್ರೆ ಅವರ ಮನೆ ಕತ್ತೆ” ಎಂದರು.

“ಕತ್ತೆ ವಾಪಸ್ ಬಂತು ಅಂತ ಯಾರಾದ್ರೂ ಅಳ್ತಾರಾ?”

“ಅಮ್ಮ ಅಳ್ತಿದ್ಲು. ನಿಂಗೆ ಅಮ್ಮ ಗೊತ್ತೇ ಇರ್ಲಿಲ್ಲ, ಮೌರೀನ್.”

ಮತ್ತೆ ಶುರು. ಕಿಟ್ಟಿ ಎಂದರೆ ದೊಡ್ಡಮ್ಮನ ಮಗಳು, ಇಂಗ್ಲೆಂಡಿಗೆ ಓಡಿಹೋದವಳಿರಬೇಕು ಎಂದು ತಂಗಿ. ಅಂಥ ಮಗಳೇ ಇರಲಿಲ್ಲ ಎಂದು ಅಕ್ಕ. ನಾನು ಮೆಲ್ಲಗೆ ಎದ್ದು ಮನೆಗೆ ಹೋಗಿ ಕಾಫಿ ಮಾಡಿ ತಂದೆ. ಇಬ್ಬರೂ ಇನ್ನೂ ಲೈನಿನಲ್ಲೇ ಇದ್ದರು. ಮೌರೀನ್ ಕಣ್ಣೊರೆಸಿಕೊಳ್ಳುತ್ತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ, ನನಗಂತೂ ತಿಳಿಯಲಿಲ್ಲ.

(ಇಂಗ್ಲಿಷಿಗೇನು, ‘ಕಿಟ್ಟಿ ಈಸ್ ಹೋಮ್’ ಎಂದರೆ ಮುಗಿಯಿತು. ಕನ್ನಡದಲ್ಲಿ ‘ಸೇರಿದ್ದಾಯಿತು’ ಎಂದು ಒಂದು ಸಾಲು ಜಾರಿಕೊಳ್ಳಬಹುದು; ಬಂದಳೋ, ಬಂತೋ ಎಂದು ತೀರ್ಮಾನಿಸದೆ ಮುಂದಿನ ಸಾಲಿಗೆ ಹೋಗಲಾಗುವುದಿಲ್ಲ.)

ಕಳೆದ ವಾರ ಮೌರೀನ್ ಹೊರಟರು. ಮಗನ ಊರಿಗಲ್ಲ, ಮೊದಲು ಅಟ್ಲಾಂಟಾಗೆ. ಕಾರ್ಡು ಪರ್ಸಿನಲ್ಲಿತ್ತು. ರಾಜಿಗೋ, ಜಗಳ ಮುಂದುವರಿಸಲಿಕ್ಕೋ ಎಂದು ಕೇಳಿಯೇಬಿಟ್ಟೆ.

“ಹೋದ್ಮೇಲೆ ಗೊತ್ತಾಗತ್ತೆ” ಎಂದು ತಬ್ಬಿಕೊಂಡರು.

ಅಂಚೆಯವನಿಂದ ಹಿಡಿದು ಯಾರು ಬೇಕಾದರೂ ಓದಬಹುದಾಗಿದ್ದ ಕಾರ್ಡು. ಅರ್ಥವಾಗಿದ್ದು ಆ ತಾಯಿ ಒಬ್ಬಳಿಗೆ ಮಾತ್ರ. ಹಾಗಾದರೆ ಈ ಲಕೋಟೆಯನ್ನು ಯಾಕಾದರೂ ಕಂಡುಹಿಡಿದರು?